ತೊಡೆಯಿಂದ ತಂದ ತೇಪೆ

ಬಸ್ಸಿನ ಸೀಟು ಹರಿದಿದ್ದರೆ ಪ್ರಯಾಣಿಕ ಕಂಡಕ್ಟರನ್ನು ಬೈಯುತ್ತಾನೆ, ಕಂಡಕ್ಟರು ಡಿಪೋದವರನ್ನು ಬೈಯುತ್ತಾನೆ, ಡಿಪೋದವರು ಸೀಟಣ್ಣನನ್ನು ಬೈಯುತ್ತಾರೆ. ಸೀಟಣ್ಣ ಮಾತ್ರ ಎಲ್ಲರನ್ನೂ ಬೈಯುತ್ತಿದ್ದ. ಬಸ್ ವರ್ಕ್‌ಶಾಪಿನ ಹಿಂಭಾಗದ ತಗಡಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ರೆಕ್ಸಿನ್ ಕತ್ತರಿಸಿ, ಸ್ಪಂಜು ತುಂಬಿ, ಸೀಟು ಹೊಲಿದವನು ಅವನು. ಬ್ಲೇಡಿನಿಂದ ಸೀಟು ಕೊಯ್ಯುವ ಪಡ್ಡೆ ಹುಡುಗರಿಗೆ ಒಂದು ಬೈಗುಳ, ಬೀಡಿ ಒತ್ತಿ ಸುಡುವ ಮುದುಕರಿಗೆ ಇನ್ನೊಂದು, ಎಳೆದರೆ ಕಿತ್ತು ಬರುವ ದಾರ ಕಳಿಸುವ ಸ್ಟೋರಿನವನಿಗೆ ಮತ್ತೊಂದು. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ಆದರೆ ಅವನು ಹೊಲಿದ ಸೀಟು ಐದು ವರ್ಷ ಅಲ್ಲಾಡುತ್ತಿರಲಿಲ್ಲ, ಅದನ್ನು ಅವನ ವೈರಿಯೂ ಒಪ್ಪುತ್ತಿದ್ದ.

ಅಂಥವನು ಎರಡು ವರ್ಷ ಯಾವ ಸೀಟಿನ ಮೇಲೂ ಕೂರಲಿಲ್ಲ.

ಆಗಿದ್ದು ಇಷ್ಟು. ಐವತ್ತಾರನೇ ವಯಸ್ಸಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಸಣ್ಣದಿದೆ, ಗ್ರಂಥಿ ತೆಗೆದುಬಿಟ್ಟರೆ ಮುಗಿಯಿತು ಅಂದರು ಡಾಕ್ಟರು. ತೆಗೆದರು. ಕ್ಯಾನ್ಸರ್ ಹೋಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಮೂತ್ರಕ್ಕೆ ಹಾಕಿದ್ದ ನಳಿಕೆ ತೆಗೆದ ದಿನ ಪಾಯಿಖಾನೆಗೆ ಹೋಗಿ ನಿಂತರೆ, ಮುಂದಿನಿಂದ ಬರಬೇಕಾದದ್ದು ಹಿಂದಿನಿಂದ ಬಂತು. ಮುಂದಿನಿಂದ ಬಂದದ್ದು ಬರೀ ಗಾಳಿ. ಸೀಟಣ್ಣ ಗೋಡೆ ಹಿಡಿದುಕೊಂಡು ಹೆಂಡತಿಯನ್ನು ಕೂಗಿದ. ಅವಳು ಓಡಿ ಬಂದು ನೋಡಿ, "ಅಯ್ಯೋ, ಇದೇನ್ರೀ ಇದು!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಒಳಗೆ ತೂತು ಬಿದ್ದಿತ್ತು. ಮೂತ್ರದ ದಾರಿಗೂ ಗುದದ ಕರುಳಿಗೂ ನಡುವೆ, ಕಿರುಬೆರಳು ತೂರುವಷ್ಟು. ಗ್ರಂಥಿ ಬಿಡಿಸುವಾಗ ಡಾಕ್ಟರ ಕೈ ಕರುಳಿಗೆ ತಾಗಿತ್ತು. ಇದು ಸೀಟಣ್ಣನಿಗೆ ಆಮೇಲೆ ಗೊತ್ತಾದದ್ದು, ಬೇರೆಯವರ ಬಾಯಿಂದ. ಕೈ ತಾಗಿಸಿದವರು ಹೇಳಿದ್ದು ಒಂದೇ ಮಾತು: "ಹೀಗಾಗೋದುಂಟು." ಮಳೆ ಬರೋದುಂಟು, ಬಸ್ಸು ತಡ ಆಗೋದುಂಟು ಅನ್ನೋ ಧಾಟಿಯಲ್ಲಿ!

ಅವರೇ ಮತ್ತೆ ಒಳಗೆ ಕೈ ಹಾಕಿ ತೂತಿನ ಅಂಚುಗಳನ್ನು ಎಳೆದು ಹೊಲಿದರು. ಮೂರು ವಾರಕ್ಕೆ ಬಿಟ್ಟುಕೊಂಡಿತು. ಎರಡನೇ ಸಲ ಹೊಲಿಯುವ ಮುಂಚೆ ಹೊಟ್ಟೆಯ ಎಡಕ್ಕೆ ಕರುಳನ್ನು ಹೊರಗೆ ತೆಗೆದು, ಮಲ ಕೆಳಗೆ ಇಳಿಯದ ಹಾಗೆ ಚೀಲ ಅಂಟಿಸಿದರು. ಅಷ್ಟು ಮಾಡಿಯೂ ಹಳೇ ಅಂಚಿಗೇ ಮತ್ತೆ ಹೊಲಿಗೆ ಅಂತ ಕೇಳಿದಾಗ ಸೀಟಣ್ಣ ತಡೆಯಲಾರದೆ ಬಾಯಿ ಹಾಕಿದ.

"ಸಾರ್, ನಾನೂ ಹೊಲಿಯೋನೇ. ಹರಿದ ಅಂಚಿಗೇ ಮತ್ತೆ ಸೂಜಿ ಹಾಕಿದ್ರೆ ಸೂಜಿ ತೂತೆಲ್ಲ ಸೇರಿ ಇನ್ನೂ ದೊಡ್ಡದಾಗಿ ಹರಿಯುತ್ತೆ. ನಡುವೆ ಹೊಸದೇನಾದ್ರೂ ಕೊಟ್ಟು ಹೊಲೀಬೇಕಲ್ವಾ?"

ಡಾಕ್ಟರು ಕಣ್ಣೆತ್ತಲೂ ಇಲ್ಲ. "ನಿನ್ನ ಸೀಟು ನೀನು ಹೊಲಿ. ನನ್ನ ಕೆಲಸ ನಾನು ಮಾಡ್ತೀನಿ" ಅಂದರು.

ಎರಡನೆಯದೂ ಬಿಟ್ಟಿತು. ಆಗ ಅದೇ ಮಹಾನುಭಾವರು ಏನಂದರು ಗೊತ್ತೇ? "ನಿನ್ನ ಮಾಂಸವೇ ಸರಿ ಇಲ್ಲಪ್ಪ, ಹೊಲಿಗೆ ಹಿಡಿಯೋಲ್ಲ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೀಟಣ್ಣ ಎದ್ದು ಅವರ ಮೇಜಿನ ಗಾಜಿಗೆ ಗುದ್ದಿದ. ಗಾಜು ಒಡೆಯಲಿಲ್ಲ, ಕೈ ಊದಿಕೊಂಡಿತು. ಹೆಂಡತಿ ಅವನನ್ನು ಎಳೆದುಕೊಂಡು ಹೊರಗೆ ಬಂದಳು.

ಹೊಟ್ಟೆಯ ಮೇಲೆ ಚೀಲ ಇದ್ದರೂ ಮೂತ್ರ ಹಿಂದಿನಿಂದ ಜಿನುಗುವುದು ನಿಲ್ಲಲಿಲ್ಲ. ದೊಡ್ಡವರ ಡೈಪರ್, ಅದರ ಮೇಲೆ ದಪ್ಪ ಚಡ್ಡಿ, ಅದರ ಮೇಲೆ ಸಡಿಲ ಪ್ಯಾಂಟು. ಚರ್ಮ ಸುಟ್ಟ ಹಾಗೆ ಕೆಂಪಗಾಗಿ, ಕೂತರೆ ಕೆಂಡದ ಮೇಲೆ ಕೂತಂತೆ. ನಿಂತೇ ಊಟ, ನಿಂತೇ ಟೀವಿ. ಶೆಡ್ಡಿನಲ್ಲಿ ಹೊಲಿಗೆ ಮಷೀನು ಬೇರೆಯವರಿಗೆ ಬಿಟ್ಟುಕೊಟ್ಟು, ತಾನು ಕತ್ತರಿಸುವ ಮೇಜಿನ ಮುಂದೆ ದಿನವಿಡೀ ನಿಂತ. ತಿಂಗಳಿಗೊಮ್ಮೆ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನುತ್ತಿತ್ತು. ಮನೆಯಲ್ಲಿ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಪ್ಲಾಸ್ಟಿಕ್ ಹಾಳೆ ಒರೆಸುವುದು, ಬಟ್ಟೆ ಬಿಸಿನೀರಿಗೆ ಹಾಕುವುದು, ಚೀಲ ಬದಲಿಸುವುದು. ಅದನ್ನು ಅವಳು ಹಲ್ಲುಜ್ಜುವಷ್ಟೇ ಸಲೀಸಾಗಿ ಮಾಡುತ್ತಿದ್ದಳು, ಅದಕ್ಕೂ ಅವನಿಗೆ ಸಿಟ್ಟು ಬರುತ್ತಿತ್ತು.

ಶೆಡ್ಡಿನವರು ಕೇಳದೆ ಇರುತ್ತಾರೆಯೇ? "ಯಾಕಣ್ಣ, ಕೂರೋದೇ ಇಲ್ವಲ್ಲ?" ಅಂದರು. ಸೀಟಣ್ಣ ಬಾಯಿಗೆ ಬಂದದ್ದು ಹೇಳಿದ: "ಮೂಲವ್ಯಾಧಿ ಕಣ್ರೋ." ಅಷ್ಟೇ ಸಾಕಾಯಿತು. ಲೋಕದಲ್ಲಿ ಮೂಲವ್ಯಾಧಿಗೆ ಮದ್ದು ಹೇಳದ ಮನುಷ್ಯನೇ ಇಲ್ಲ ಅಂತ ಅವನಿಗೆ ಆಗ ತಿಳಿಯಿತು. ಒಬ್ಬ ಮುಲಾಮು ತಂದ. ಒಬ್ಬ ಬೇರು ತಂದ. ಎಲೆಕ್ಟ್ರಿಷಿಯನ್ನಂತೂ ತಣ್ಣೀರು ತುಂಬಿದ ಟಬ್ಬಿನಲ್ಲಿ ಕೂರುವ ಭಂಗಿಯನ್ನು ಎಲ್ಲರೆದುರು ಮಾಡಿ ತೋರಿಸಿದ. ಎಲ್ಲರೂ ನಕ್ಕರು, ಸೀಟಣ್ಣನೂ ಹಲ್ಲು ಕಿರಿದ.

"ನಿಜ ಹೇಳಿಬಿಡ್ರೀ, ಅವರೇನು ನಿಮ್ಮನ್ನ ತಿಂದುಬಿಡ್ತಾರಾ?" ಅಂತ ಹೆಂಡತಿ ಎಷ್ಟು ಸಲ ಹೇಳಿದಳೋ.

"ಸುಮ್ನಿರೇ! ಹಿಂದಿನಿಂದ ಉಚ್ಚೆ ಹೋಗುತ್ತೆ ಅಂತ ಮೈಕಿನಲ್ಲಿ ಹೇಳಲಾ?" ಅಂತ ಗದರಿ ಅವಳ ಬಾಯಿ ಮುಚ್ಚಿಸುತ್ತಿದ್ದ.

ಡಾಕ್ಟರಮ್ಮ ಒಬ್ಬರನ್ನು ಹುಡುಕಿದ್ದೂ ಹೆಂಡತಿಯೇ. ಚೀಲ ಮಾರುವ ಅಂಗಡಿಯ ಸಾಲಿನಲ್ಲಿ ಯಾರೋ ಹೇಳಿದರಂತೆ, ಇನ್ನೊಂದು ಆಸ್ಪತ್ರೆಯಲ್ಲಿ ಒಬ್ಬರು ಇಂಥ ತೂತು ಮುಚ್ಚುವ ಕೆಲಸವನ್ನೇ ಮಾಡುತ್ತಾರೆ, ಗುರುವಾರ ಮಾತ್ರ ಸಿಗುತ್ತಾರೆ ಅಂತ. ಗಿಡ್ಡಗಿದ್ದರು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡಿದ್ದರು, ಮಾತು ಕಡ್ಡಿ ಮುರಿದಂತೆ. ಪರೀಕ್ಷೆ ಮಾಡಿ, ಕೈ ತೊಳೆದು, ಕಾಗದದ ಮೇಲೆ ಚಿತ್ರ ಬರೆದರು.

"ಎರಡು ಸಲ ಹೊಲಿದ ಜಾಗದಲ್ಲಿ ಬರೀ ಗಟ್ಟಿ ಕಲೆ ಉಳಿದಿದೆ. ರಕ್ತ ಓಡಾಡಲ್ಲ. ರಕ್ತ ಇಲ್ಲದ ಕಡೆ ಹೊಲಿಗೆ ಕೂಡಲ್ಲ. ಅದಕ್ಕೆ ನಿಮ್ಮ ತೊಡೆಯ ಒಳಭಾಗದಿಂದ ಉದ್ದನೆ ಪಟ್ಟಿ ಥರ ಇರೋ ಒಂದು ಸ್ನಾಯು ಬಿಡಿಸ್ತೀನಿ. ಪೂರ್ತಿ ಕಿತ್ತುಹಾಕಲ್ಲ. ಮೇಲ್ತುದೀಲಿ ಅದಕ್ಕೆ ರಕ್ತ ಕೊಡೋ ನಾಳ ಇದೆ, ಅದನ್ನ ಹಾಗೇ ಇಟ್ಕೊಂಡು, ಪಟ್ಟಿನ ಚರ್ಮದ ಕೆಳಗಿಂದ ತಿರುಗಿಸಿ ತಂದು, ಕರುಳಿಗೂ ಮೂತ್ರದ ದಾರಿಗೂ ನಡುವೆ ಹಾಸ್ತೀನಿ. ತನ್ನ ರಕ್ತ ತಾನೇ ತರೋ ತೇಪೆ."

ಸೀಟಣ್ಣ ಆ ಚಿತ್ರವನ್ನು ನೋಡಿದ. ನಡುವೆ ಹೊಸದು ಕೊಟ್ಟು ಹೊಲಿಯುವುದು! ಎರಡು ವರ್ಷದ ಹಿಂದೆ ತಾನು ಕೇಳಿದ್ದು ಇದನ್ನೇ ತಾನೇ! ಅವನಿಗೆ ಖುಷಿ ಆಗಲಿಲ್ಲ, ಮೈ ಉರಿಯಿತು.

"ಇದು ಹೊಸದಾಗಿ ಕಂಡುಹಿಡಿದದ್ದಾ, ಅಮ್ಮ?"

"ಇಲ್ಲ, ಎಷ್ಟೋ ವರ್ಷದಿಂದ ಮಾಡ್ತಾ ಇದ್ದಾರೆ."

"ಹಾಗಾದ್ರೆ ಅವರು ಯಾಕೆ ಮಾಡ್ಲಿಲ್ಲ?"

ಡಾಕ್ಟರಮ್ಮ ಕನ್ನಡಕ ಇಳಿಸಿಕೊಂಡು, "ಒಬ್ಬೊಬ್ಬರದು ಒಂದೊಂದು ರೀತಿ" ಅಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಕಡ್ಡಿ ಮುರಿದಂತೆ ಮಾತಾಡುವವರೂ ತಮ್ಮವರ ವಿಷಯ ಬಂದರೆ ಹೀಗೆ. ಸೀಟಣ್ಣ ಹಲ್ಲು ಕಚ್ಚಿಕೊಂಡ. ಆಮೇಲೆ, ಸಿಟ್ಟು ಎಲ್ಲಾದರೂ ಹೋಗಬೇಕಲ್ಲ, "ಹಿಂದೆ ತೂತಾದ್ರೆ ತೊಡೆ ಕೊಯ್ಯೋದು! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಅಂದ. ಡಾಕ್ಟರಮ್ಮ ನಕ್ಕುಬಿಟ್ಟರು. ಯಾವ ಕಾಲು ಅಂತ ಚರ್ಚೆಯಾಯಿತು. ಬಲಗಾಲಿನಿಂದ ಮಷೀನು ತುಳಿಯುತ್ತೇನೆ, ಅದನ್ನು ಮುಟ್ಟಬೇಡಿ ಅಂತ ಅವನು ಪಟ್ಟು ಹಿಡಿದ. ಆ ಸ್ನಾಯು ಇಲ್ಲದಿದ್ದರೂ ಕಾಲಿಗೆ ಏನೂ ಆಗುವುದಿಲ್ಲ, ಪಕ್ಕದ ಸ್ನಾಯುಗಳು ಕೆಲಸ ಮಾಡುತ್ತವೆ ಅಂತ ಅವರೆಂದರೂ ಕೊನೆಗೆ ಎಡಗಾಲು ಅಂತಲೇ ಬರೆದುಕೊಂಡರು.

ಬರೆದ ಮೇಲೆ ನಗು ನಿಲ್ಲಿಸಿದರು. "ಒಂದು ಮಾತು ಕೇಳಿ. ಇದು ಹಿಡಿದ್ರೆ ಮೂರ್ನಾಲ್ಕು ತಿಂಗಳಲ್ಲಿ ಚೀಲ ತೆಗೆದು ಕರುಳು ಒಳಗೆ ಹಾಕ್ತೀನಿ, ನೀವು ಮೊದಲಿನ ಹಾಗಾಗ್ತೀರಿ. ಹಿಡೀಲಿಲ್ಲ ಅಂದ್ರೆ ಮತ್ತೆ ಹೊಲಿಯೋಕೆ ಅಲ್ಲಿ ಜಾಗ ಉಳಿಯಲ್ಲ. ಮಲಕ್ಕೊಂದು ಚೀಲ, ಮೂತ್ರಕ್ಕೊಂದು ಚೀಲ, ಜೀವ ಇರೋತನಕ."

ಹೆಂಡತಿ ಅವನ ಕೈ ಹಿಡಿದುಕೊಂಡಳು. ಸೀಟಣ್ಣ ಸಹಿ ಹಾಕಿದ.

ಆರು ಗಂಟೆ ಹಿಡಿಯಿತು ಆಪರೇಷನ್ನು. ಎಚ್ಚರಾದಾಗ ಎಡತೊಡೆಯ ಒಳಗೆ ಎರಡು ಕಡೆ ಹೊಲಿಗೆ, ಕಾಲುಗಳ ಸಂದಿಯಲ್ಲಿ ಬ್ಯಾಂಡೇಜು, ಮೂತ್ರಕ್ಕೆ ನಳಿಕೆ. ಡಾಕ್ಟರಮ್ಮ ಬಂದು, "ಸ್ನಾಯು ಚೆನ್ನಾಗಿ ಕೆಂಪಗಿತ್ತು, ಸಲೀಸಾಗಿ ಬಂತು. ಇನ್ನು ನಿಮ್ಮ ಕೈಲಿದೆ. ಆರು ವಾರ ಕೂರಬೇಡಿ. ಮಗ್ಗುಲಾಗಿ ಮಲಗಿ, ನಿಲ್ಲಿ, ನಿಧಾನಕ್ಕೆ ನಡೀರಿ. ಕೂರೋದು ಮಾತ್ರ ಬೇಡ" ಅಂದರು. ಎರಡು ವರ್ಷದಿಂದ ಕೂರದವನಿಗೆ ಆರು ವಾರ ಯಾವ ಲೆಕ್ಕ ಅಂತ ಅವನು ತಲೆಯಾಡಿಸಿದ.

ಮನೆಗೆ ಬಂದು ಎರಡು ವಾರ ಕಳೆದಿತ್ತು. ಸ್ಪಂಜಿನವ ನೋಡಲು ಬಂದ. ಶೆಡ್ಡಿನಲ್ಲಿ ಸ್ಪಂಜು ಕತ್ತರಿಸುವವನು ಇವನು, ಸೀಟಣ್ಣನಿಗಿಂತ ಹದಿನೈದು ವರ್ಷ ಚಿಕ್ಕವನು, ಮಾತು ಕಡಿಮೆ. ಕೈಯಲ್ಲಿ ದೊಡ್ಡ ಕವರು. ಒಳಗೊಂದು ದಿಂಬು, ನಡುವೆ ತೂತು.

"ನಾವೆಲ್ಲ ಸೇರಿ ಮಾಡಿದ್ವಿ ಅಣ್ಣ. ಮೂಲವ್ಯಾಧಿ ಆಪರೇಷನ್ ಆದೋರಿಗೆ ಇದು ಆರಾಮ."

ಸೀಟಣ್ಣ ಮೊದಲು ಹೊಲಿಗೆ ನೋಡಿದ. ಎರಡೆಳೆ, ಒತ್ತೊತ್ತಾಗಿ, ಎಲ್ಲೂ ಸುಕ್ಕಿಲ್ಲ. ಒತ್ತಿ ನೋಡಿದ. ಕೆಳಗೆ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು. ಕೈಯಿಟ್ಟ ಕಡೆ ತಪ್ಪು ಹುಡುಕುವವನಿಗೆ ಒಂದು ತಪ್ಪೂ ಸಿಗಲಿಲ್ಲ. "ಪರವಾಗಿಲ್ವೋ, ಕೆಲಸ ಕಲಿತಿದ್ದೀಯ" ಅಂದ. ಅವನ ಬಾಯಿಂದ ಅದು ಬಿರುದು ಕೊಟ್ಟಂತೆ.

ಸ್ಪಂಜಿನವ ಹೋದ ಮೇಲೆ ಸೀಟಣ್ಣನ ತಲೆ ಓಡತೊಡಗಿತು. ಕೂರಬೇಡಿ ಅಂದದ್ದು ಯಾಕೆ? ಗಾಯದ ಮೇಲೆ ಭಾರ ಬೀಳಬಾರದು ಅಂತ. ಇದರಲ್ಲಿ ಗಾಯ ಇರುವ ಕಡೆ ತೂತೇ ಇದೆ, ಭಾರ ಬೀಳುವುದೆಲ್ಲಿ? ಸೀಟಿನ ವಿಷಯ ತನಗಿಂತ ಡಾಕ್ಟರಮ್ಮನಿಗೆ ಹೆಚ್ಚು ಗೊತ್ತೇ? ಹೆಂಡತಿ, "ಬೇಡ್ರೀ, ಒಂದು ಫೋನ್ ಮಾಡಿ ಕೇಳೋಣ" ಅಂದಳು. "ಮೂವತ್ತೊಂದು ವರ್ಷ ಸೀಟು ಹೊಲಿದೋನು ನಾನಾ, ಅವರಾ?" ಅಂತ ಅವಳನ್ನು ಗದರಿ, ದಿಂಬನ್ನು ಕಿಟಕಿ ಪಕ್ಕದ ಕುರ್ಚಿಯ ಮೇಲಿಟ್ಟು, ನಿಧಾನವಾಗಿ ಕೂತ.

ಆಹಾ! ನೋವಿಲ್ಲ. ಎರಡು ವರ್ಷದ ಮೇಲೆ ಮನುಷ್ಯನ ಹಾಗೆ ಕೂತು ಕಾಫಿ ಕುಡಿದ. ಮಾರನೇ ದಿನ ಎರಡು ಗಂಟೆ ಕೂತ, ಅದರ ಮಾರನೇ ದಿನ ಇಡೀ ಮಧ್ಯಾಹ್ನ. ನಾಲ್ಕನೇ ದಿನ ಬೆಳಿಗ್ಗೆ ಬ್ಯಾಂಡೇಜು ರಕ್ತದಲ್ಲಿ ತೊಯ್ದಿತ್ತು.

ಡಾಕ್ಟರಮ್ಮ ಪರೀಕ್ಷೆಯ ಮೇಜಿನ ಹತ್ತಿರ ದೀಪ ಎಳೆದುಕೊಂಡು ನೋಡಿದರು. ಹೊರಗಿನ ಹೊಲಿಗೆ ಕಿತ್ತು, ಗಾಯ ಎರಡು ಬೆರಳಗಲ ಬಾಯಿ ಬಿಟ್ಟಿತ್ತು. ಏನು ಮಾಡಿದಿರಿ ಅಂತ ಕೇಳಿದರು. ಹೆಂಡತಿ ದಿಂಬಿನ ಕಥೆ ಹೇಳಿದಳು. ಅಲ್ಲಿಯವರೆಗೂ ಧ್ವನಿ ಏರಿಸದ ಡಾಕ್ಟರಮ್ಮ ಕೈಗವಸು ಕಿತ್ತು ಬುಟ್ಟಿಗೆ ಬಿಸಾಡಿದರು.

"ಕೂರಬೇಡಿ ಅಂದ್ರೆ ಕೂರಬೇಡಿ ಅಂತ! ತೂತಿರೋ ದಿಂಬಿನ ಮೇಲೆ ಕೂತ್ರೆ ಗಾಯ ತೂತಿನೊಳಗೆ ಜೋತುಬೀಳುತ್ತೆ, ಎರಡು ಕಡೆಯ ಮಾಂಸ ಎರಡು ಕಡೆಗೆ ಎಳೆಯುತ್ತೆ. ದಿನಾ ಗಂಟೆಗಟ್ಟಲೆ ನಿಮ್ಮ ಕೈಯಾರೆ ನೀವೇ ಗಾಯ ಅಗಲಿಸಿದ್ದೀರಿ. ಆರು ಗಂಟೆ ನಿಂತು ಹೊಲಿದಿದ್ದೀನಿ ನಾನು! ಅದನ್ನ ಮೂರು ದಿನದಲ್ಲಿ ಬಿಚ್ಚಿಟ್ರಲ್ಲ!"

ಸೀಟಣ್ಣ ಬುಟ್ಟಿಯಲ್ಲಿ ಬಿದ್ದ ಕೈಗವಸನ್ನು ನೋಡಿದ. ಗಾಯ ಹೀಗೆ ಎಳೆದುಕೊಳ್ಳುತ್ತದೆ ಅಂತ ಅವನಿಗೆ ಹೊಳೆದಿರಲೇ ಇಲ್ಲ. ಕೊನೆಗೆ ಕಷ್ಟಪಟ್ಟು, "ಒಳಗಿನ ತೇಪೆ?" ಅಂತ ಕೇಳಿದ.

"ಗೊತ್ತಿಲ್ಲ. ಮತ್ತೆ ಹೊಲಿಯೋಕಾಗಲ್ಲ, ಒಳಗಿಂದ ತಾನಾಗೇ ತುಂಬಿಕೊಂಡು ಬರಬೇಕು. ದಿನಾ ಡ್ರೆಸಿಂಗು. ಎರಡು ತಿಂಗಳಾದ ಮೇಲೆ ಬಣ್ಣ ಬಿಟ್ಟು ಎಕ್ಸ್‌ರೇ ತೆಗೀತೀನಿ. ಅಲ್ಲೀತನಕ ನನ್ನನ್ನ ಏನೂ ಕೇಳಬೇಡಿ."

ಆಸ್ಪತ್ರೆಯ ಮೆಟ್ಟಿಲ ಮೇಲೇ ಸೀಟಣ್ಣ ಸ್ಪಂಜಿನವನಿಗೆ ಫೋನು ಹಚ್ಚಿದ. ಹಚ್ಚಿ ಉಗಿದ ಉಗಿತಕ್ಕೆ ಕಾವಲಿನವನು ಎದ್ದು ಬಂದ. "ದಿಂಬು ತಂದ್ಯೇನೋ ದಿಂಬು! ನನ್ನ ಬದುಕಿಗೇ ಕತ್ತರಿ ಹಾಕಿದೆಯಲ್ಲೋ! ನಿನ್ನ ಮುಖ ನನಗೆ ತೋರಿಸಬೇಡ!" ಆ ಕಡೆ ಸುಮ್ಮನೆ ಕೇಳಿಸಿಕೊಂಡ ಸ್ಪಂಜಿನವ.

ಫೋನು ಇಟ್ಟ ಮೇಲೆ ಬೆಂಕಿ ಹತ್ತಿದ್ದು ಹೆಂಡತಿಗೆ.

"ಅವನನ್ನ ಯಾಕೆ ಬೈತೀರಿ? ಅವನು ತಂದಿದ್ದು ಮೂಲವ್ಯಾಧಿಗೆ. ಮೂಲವ್ಯಾಧಿ ಅಂದೋರು ಯಾರು? ನಾನಾ? ಆ ಡಾಕ್ಟರು ನಿಮಗೆ ನಿಜ ಹೇಳ್ಲಿಲ್ಲ ಅಂತ ಎರಡು ವರ್ಷದಿಂದ ಊರೆಲ್ಲ ಬೈತಾ ಬಂದ್ರಿ. ನೀವು ಯಾರಿಗೆ ಹೇಳಿದ್ರಿ ನಿಜಾನ? ನಿಮ್ಮ ಹೇಲು ಉಚ್ಚೆ ಎರಡು ವರ್ಷ ಬಾಚಿದೀನಿ, ಒಂದು ದಿನ ಮುಖ ಸಿಂಡರಿಸಿದೀನಾ? ನನಗೆ ಅಸಹ್ಯ ಆಗಿದ್ದು ಅದಲ್ಲ. ನಿಮ್ಮ ಸುಳ್ಳು. ಪಕ್ಕದ ಮನೆಯೋರು ಕೇಳಿದ್ರೆ ನಾನೂ ಅದನ್ನೇ ಹೇಳಬೇಕು, ನನ್ನ ತಂಗಿಗೂ ಅದನ್ನೇ ಹೇಳಬೇಕು! ಮಾಡಿದ್ದುಣ್ಣೋ ಮಹರಾಯ ಅಂತಾರೆ. ನೀವು ಮಾಡಿದ್ದನ್ನ ನಾನೂ ಉಣ್ತಾ ಇದೀನಿ."

ಮೆಟ್ಟಿಲ ಮೇಲೆ ಹೋಗಿಬರುವ ಜನ ತಿರುಗಿ ನೋಡಿದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಹಾಗೆ ಬೀದಿಯಲ್ಲಿ ಕೂಗಿದವಳಲ್ಲ. ಸೀಟಣ್ಣ ತಲೆ ತಗ್ಗಿಸಿಕೊಂಡು ಅವಳ ಹಿಂದೆ ನಡೆದ.

ಆ ಎರಡು ತಿಂಗಳು ಅವನು ಮಗ್ಗುಲಾಗಿ ಮಲಗಿದ, ನಿಂತ, ನಡೆದ. ಹೆಂಡತಿ ದಿನಾ ಗಾಯ ತೊಳೆದು, ಒದ್ದೆ ಬಟ್ಟೆಯ ಪಟ್ಟಿ ತುಂಬಿ, ಮೇಲೆ ಒಣಗಿದ್ದು ಕಟ್ಟಿದಳು. ಮಾತು ಬೇಕಾದಷ್ಟೇ. ರಾಯರ ಬೈಗುಳವೆಲ್ಲ ಎಲ್ಲಿ ಹೋಯಿತೋ. ದಿನಾ ಪಟ್ಟಿ ತೆಗೆಯುವಾಗ, "ಒದ್ದೆ ಇದೆಯಾ?" ಅಂತ ಕೇಳುವನು. ಇದ್ದರೆ ಅದು ಕೀವೋ, ಮೂತ್ರವೋ ಅಂತ ಅವಳು ಮೂಸಿ ನೋಡಿ ಹೇಳಬೇಕು. ಆ ಒಂದು ಗಳಿಗೆ ಅವನು ಉಸಿರು ಬಿಡುತ್ತಿರಲಿಲ್ಲ.

ಎಕ್ಸ್‌ರೇ ದಿನ ನಳಿಕೆಯಲ್ಲಿ ಬಣ್ಣ ಬಿಟ್ಟರು. ಡಾಕ್ಟರಮ್ಮ ಪರದೆಯನ್ನೇ ನೋಡುತ್ತ ನಿಂತರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಸೀಟಣ್ಣ ಆ ತಣ್ಣನೆ ಮೇಜಿನ ಮೇಲೆ ಮಲಗಿ ಅವರ ಗಲ್ಲವನ್ನೇ ನೋಡುತ್ತಿದ್ದ.

"ಒಂದು ಹನಿ ಆಚೆ ಹೋಗಿಲ್ಲ. ಹೊರಗೆ ಚರ್ಮ ಬಿಟ್ಟಿತ್ತು, ಒಳಗೆ ಸ್ನಾಯು ಬಿಟ್ಟಿರಲಿಲ್ಲ. ನಿಮ್ಮ ತೊಡೆಗೆ ಕೈ ಮುಗೀರಿ, ನನಗಲ್ಲ" ಅಂದರು ಡಾಕ್ಟರಮ್ಮ.

ಸೀಟಣ್ಣ ಅತ್ತ. ಅಳುತ್ತಲೇ ಹಳೇ ಡಾಕ್ಟರನ್ನು ಒಂದು ಸುತ್ತು ಬೈದ. ಡಾಕ್ಟರಮ್ಮ ತಡೆಯಲಿಲ್ಲ.

ಚೀಲ ತೆಗೆದು, ಕರುಳು ಒಳಗೆ ಸೇರಿ, ತಿಂಗಳೊಂದು ಕಳೆದ ಮೇಲೆ ಅವನು ಶೆಡ್ಡಿಗೆ ಹೋದ. ಎಲ್ಲರೂ ಸುತ್ತುಗಟ್ಟಿದರು. "ಮೂಲವ್ಯಾಧಿ ಪೂರ್ತಿ ಹೋಯ್ತಾ ಅಣ್ಣ?" ಅಂದ ಎಲೆಕ್ಟ್ರಿಷಿಯನ್ನು. ಸ್ಪಂಜಿನವ ಮಾತ್ರ ದೂರದಲ್ಲಿ ತನ್ನ ಮೇಜಿನ ಹಿಂದೆ ತಲೆ ಬಗ್ಗಿಸಿಕೊಂಡು ಕತ್ತರಿಸುತ್ತಿದ್ದ.

"ಮೂಲವ್ಯಾಧಿ ಅಲ್ಲ ಕಣ್ರೋ" ಅಂದ ಸೀಟಣ್ಣ. ಧ್ವನಿ ಬೇಕಿದ್ದಕ್ಕಿಂತ ಜೋರಾಗಿ ಬಂತು. "ಸುಳ್ಳು ಹೇಳಿದ್ದೆ." ರೆಕ್ಸಿನ್ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ. ಇದು ಕರುಳು, ಇದು ಮೂತ್ರದ ದಾರಿ, ಇಲ್ಲಿ ತೂತು. ಎರಡು ವರ್ಷ ಉಚ್ಚೆ ಹಿಂದಿನಿಂದ ಹೋಗುತ್ತಿತ್ತು, ಹೊಟ್ಟೆ ಮೇಲೆ ಚೀಲ ಇತ್ತು, ಡೈಪರ್ ಹಾಕುತ್ತಿದ್ದೆ. ತೊಡೆಯ ಮಾಂಸ ತಿರುಗಿಸಿ ತಂದು ಇಲ್ಲಿ ಹಾಸಿದರು. ಯಾರೋ ಒಬ್ಬ ಕಿಸಕ್ಕಂದ. "ನಗೋ, ನಗು! ನಿನಗೂ ಬರುತ್ತೆ ವಯಸ್ಸು, ಆಗ ನಾನು ನಗ್ತೀನಿ!" ಅಂತ ಸೀಟಣ್ಣ ಅವನ ಮೇಲೆ ಎಗರಿದ. ಆಮೇಲೆ ಯಾರೂ ನಗಲಿಲ್ಲ. ಸ್ಪಂಜಿನವನ ಕಡೆ ತಿರುಗಿ, "ನಿನ್ನದೇನೂ ತಪ್ಪಿಲ್ಲಪ್ಪ. ನಾನು ಬೈಬಾರದಿತ್ತು" ಅಂದ. ಅಂಥ ಮಾತು ಆ ಬಾಯಿಂದ ಬಂದದ್ದು ಕೇಳಿ ಎಲ್ಲರೂ ಮುಖ ಮುಖ ನೋಡಿಕೊಂಡು ಕೆಲಸಕ್ಕೆ ಹೋದರು.

ಊಟದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಸ್ಪಂಜಿನವ ಹೋಗಲಿಲ್ಲ. ಹತ್ತಿರ ಬಂದು ಆ ಚಿತ್ರವನ್ನು ನೋಡುತ್ತ ನಿಂತ.

"ಅಣ್ಣಾ, ಆ ತೊಡೆ ಮಾಂಸ ಹೆಂಗಸರಿಗೂ ಹಾಕ್ತಾರಾ?"

"ಹಾಕ್ತಾರಂತೆ. ಹೆರಿಗೇಲಿ ಹರಿದುಹೋದೋರಿಗೆ. ಪಕ್ಕದ ವಾರ್ಡಿನಲ್ಲಿದ್ರು. ಯಾಕೋ?"

"ನನ್ನ ಹೆಂಡ್ತಿಗೆ..." ಅಂದವನು ನಿಲ್ಲಿಸಿದ. ಬೆರಳಿನಿಂದ ಚಿತ್ರದ ತೂತನ್ನು ಮುಟ್ಟಿದ. "ಮಗಳು ಹುಟ್ಟಿದಾಗಿನಿಂದ. ಮಲ ಮುಂದಿನಿಂದ ಬರುತ್ತೆ. ಎಲ್ಲಿಗೂ ಬರಲ್ಲ ಅವಳು. ಮನೆ ಬಾಗಿಲು ದಾಟಲ್ಲ. ಕೇಳಿದೋರಿಗೆ ಸೊಂಟನೋವು ಅಂತೀವಿ."

"ಮಗಳಿಗೆ ಎಷ್ಟು ವಯಸ್ಸು?"

"ಈಗ ಹದಿನಾಲ್ಕು."

ಸೀಟಣ್ಣನ ನೆತ್ತಿಗೆ ರಕ್ತ ಏರಿತು. "ಹದಿನಾಲ್ಕು ವರ್ಷ! ಲೇ, ಹದಿನಾಲ್ಕು ವರ್ಷ ಕಟ್ಟಿಕೊಂಡವಳನ್ನ ಮನೆಯೊಳಗೆ ಕೂಡಿಹಾಕಿದ್ಯಲ್ಲೋ! ದಿನಾ ನನ್ನ ಪಕ್ಕದಲ್ಲೇ ನಿಂತು ಕೆಲಸ ಮಾಡ್ತಿದ್ದೆ. ಒಂದು ಮಾತು ಹೇಳೋಕೆ ಏನಾಗಿತ್ತು? ಬಾಯಲ್ಲಿ ಏನು ಇಟ್ಕೊಂಡಿದ್ದೆ?"

ಸ್ಪಂಜಿನವ ಮೊದಲ ಸಲ ಮುಖ ಎತ್ತಿ ನೋಡಿದ.

"ನೀವು ಇಟ್ಕೊಂಡಿದ್ದನ್ನೇ, ಅಣ್ಣ."

ಸೀಟಣ್ಣ ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಹಚ್ಚಿದ. "ಏನು ಕೆಲಸ ಇದ್ರೂ ಬಿಟ್ಟು ಬಾ" ಅಂದ. "ಸ್ಪಂಜಿನವನ ಮನೆಗೆ ಹೋಗಬೇಕು. ಅವನ ಹೆಂಡತಿ ನನ್ನ ಮುಂದೆ ಬಾಯಿ ಬಿಡಲ್ಲ. ನೀನು ಬಂದು ಮಾತಾಡು."